ಕ್ಯಾರಿಬೂ ಮೇವಿನ ಎಂಟು ಚೀಲ

ನನ್ನ ತಂಗಿಗೆ ನಾನು ಒಂದೇ ಒಂದು ಮಾತು ಹೇಳಬೇಕಾಗಿತ್ತು. ಚೀಲ ಬಿಚ್ಚಿದವಳು ನಾನು, ಅಷ್ಟೇ. ಅದನ್ನು ಮೂರು ವರ್ಷ ಹೇಳಲಿಲ್ಲ. ಅವಳು ಫೋನಿನಲ್ಲಿ ಅಳುತ್ತಿದ್ದಾಗ ಹೇಳಲಿಲ್ಲ. ಎದುರಿಗೆ ಕೂತು ಊಟ ಮಾಡುತ್ತಿದ್ದಾಗಲೂ ಹೇಳಲಿಲ್ಲ. ಮುಂದೆ ಬರೆಯುವುದೆಲ್ಲ ಅವಳು ಗೆದ್ದ ಕಥೆ. ಆ ಸಂಭ್ರಮದಲ್ಲಿ ನನ್ನ ತಪ್ಪು ಮರೆತುಹೋಗಬಾರದು ಅಂತ ಇದನ್ನು ಮೊದಲೇ ಬರೆದಿಡುತ್ತಿದ್ದೇನೆ.

ನಾವು ಬ್ಯಾಡಗಿಯವರು. ಅವ್ವ ಮೆಣಸಿನಕಾಯಿ ಅಂಗಡಿಗಳಿಗೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಏಳನೇ ಇಯತ್ತೆಯಲ್ಲಿ ಫೇಲಾದ ಮೇಲೆ ನಾನೂ ಅವಳ ಜೊತೆ ಹೋದೆ. ಯಾರೂ ನನ್ನ ಶಾಲೆ ಬಿಡಿಸಲಿಲ್ಲ, ನನಗೇ ಸಾಕಾಗಿತ್ತು. ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಖಾಲಿ ಚೀಲಗಳ ಮೇಲೆ ಕೂತು, ಸೀನುತ್ತ ಸೀನುತ್ತ ಓದುತ್ತಿದ್ದಳು. ಓದಿ ಓದಿ ದನದ ಡಾಕ್ಟರಾದಳು. ಆಮೇಲೆ ಸ್ಕಾಲರ್‌ಶಿಪ್ ಸಿಕ್ಕು ಪಿಎಚ್‌ಡಿ ಮಾಡಲು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್ ಊರಿನ ವಿಶ್ವವಿದ್ಯಾಲಯಕ್ಕೆ ಬಂದಳು. ಅಷ್ಟೊತ್ತಿಗೆ ನಾನು ಈ ದೇಶಕ್ಕೆ ಬಂದು ಎಂಟು ವರ್ಷವಾಗಿತ್ತು. ನಮ್ಮೆಜಮಾನರು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವರು. ಇಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಮನೆ ಅದೇ ಊರಿನ ಹಾರ್ನ್‌ಬಿ ಬಡಾವಣೆಯಲ್ಲಿ. ಅಲ್ಲೇ ಹತ್ತಿರದ ಗೋದಾಮಿನಲ್ಲಿ ನಾನು ಪೆಟ್ಟಿಗೆಗಳಿಗೆ ಲೇಬಲ್ ಹಚ್ಚುತ್ತೇನೆ. ಲೇಬಲ್ ತಪ್ಪಿದರೆ ಯಾವ ಪೆಟ್ಟಿಗೆ ಯಾವ ಊರಿಗೆ ಹೋಗಿ ಬೀಳುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ತಿಳಿಯದೆ ಮಾಡಿದೆ ಅಂತ ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ತಂಗಿ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಏನು ಓದಾಕತ್ತೀ ಅಂತ ಕೇಳಿದೆ.

"ಕ್ಯಾರಿಬೂ, ಅಕ್ಕಾ. ಜಿಂಕಿ ಜಾತಿ. ಉತ್ತರ ಧ್ರುವದ ಕಡೆ ಇರ್ತಾವು. ಕೆನಡಾ, ಅಲಾಸ್ಕಾ."

"ಇಲ್ಲಿ ಅದಾವೇನು?"

"ಇಲ್ಲಿ ಒಂದೂ ಇಲ್ಲ."

ನಮ್ಮೆಜಮಾನರು ತಟ್ಟೆಯಿಂದ ತಲೆ ಎತ್ತಿದರು. "ಹಂಗಾದ್ರ ಬ್ಯಾಡಗ್ಯಾಗ ಕುಂತು ಸಮುದ್ರದ ಮ್ಯಾಲ ಪಿಎಚ್‌ಡಿ ಮಾಡಿದಂಗಾತು."

"ಮಾಮಾ, ಜಿಂಕಿ ಸಾಕೂದು ಇಲ್ಲಿಯವ್ರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ರಿ. ಇಲ್ಲಿ ಫಾರ್ಮಿನ್ಯಾಗಿರೋ ಜಿಂಕಿ ಹೊಟ್ಟಿಗೂ ಆ ಕ್ಯಾರಿಬೂ ಹೊಟ್ಟಿಗೂ ಏನ್ ಫರಕ್ ಐತಿ, ಅದನ್ನ ನೋಡೂದು ನನ್ನ ಕೆಲಸ."

ಹಾಗಂದು ಬ್ಯಾಗಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಬೆಳ್ಳಗೆ, ಹಗುರಾಗಿ, ಗೊಂಬೆಮನೆಯ ಗಿಡದ ಹಾಗೆ ಕವಲು ಕವಲಾಗಿದ್ದ ಒಣ ಪದಾರ್ಥ. ಕ್ಯಾರಿಬೂಗಳಿಗೆ ಚಳಿಗಾಲದುದ್ದಕ್ಕೂ ಇದೇ ಮೇವು, ಅದರ ದಾಯಾದಿಗಳು ಈ ದೇಶದ ಗುಡ್ಡಗಳಲ್ಲೂ ಬೆಳೆಯುತ್ತವೆ ಅಂದಳು. ನಾನು ಕೈ ಒರೆಸಿಕೊಂಡು ಒಂದು ಚೂರು ತೆಗೆದು ಮೂಸಿದೆ.

"ಇದು ಕಲ್ಲುಹೂವಿನ ಬಳಗ ಅಲ್ಲೇನು? ಮಸಾಲಿಗೆ ಹಾಕ್ತೇವಲ್ಲ, ಅದು."

ತಂಗಿ ನನ್ನನ್ನೇ ನೋಡಿದಳು. "ನಮ್ಮ ಡಿಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವ್ರು ಇದನ್ನ ಪಾಚಿ ಅಂತಾರ. ಹೇಳಿ ಹೇಳಿ ಸಾಕಾಗ್ತೈತಿ. ನೀ ಮೂಸಿ ನೋಡಿ ಹೇಳಿದಿ ನೋಡು."

ಆ ಮಾತಿಗೆ ನಾನು ಎಷ್ಟು ಉಬ್ಬಿದೆ ಅಂತ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏಳನೇ ಇಯತ್ತೆ ಫೇಲಾದವಳಿಗೆ ಪಿಎಚ್‌ಡಿ ಮಾಡುವವಳು ಕೊಟ್ಟ ಮೊದಲ ಸರ್ಟಿಫಿಕೇಟು ಅದು. ಒಂದು ವಾರ ಗೋದಾಮಿನಲ್ಲಿ ಎಲ್ಲರಿಗೂ ಕ್ಯಾರಿಬೂ ಕಥೆ ಹೇಳಿದೆ.

ಕಥೆಯೂ ಹಾಗೇ ಇತ್ತು. ಅಲ್ಲಿ ವರ್ಷದ ಬಹುಪಾಲು ನೆಲದ ಮೇಲೆ ಹಿಮ. ಕ್ಯಾರಿಬೂ ಹಿಮದ ಮೇಲೆ ಮೂಗಿಟ್ಟು ಕೆಳಗಿರುವ ಕಲ್ಲುಹೂವಿನ ವಾಸನೆ ಹಿಡಿಯುತ್ತದೆ. ಹಿಡಿದು ಮುಂಗಾಲಿನಿಂದ ಅಗೆಯುತ್ತದೆ. ಬೇಸಿಗೆಯಲ್ಲಿ ಕೆಸರು ನೆಲಕ್ಕೆಂದು ಅದರ ಪಾದ ಮೆತ್ತಗಿರುತ್ತದಂತೆ. ಚಳಿ ಬಂದಾಗ ಆ ಮೆತ್ತನೆಯ ಭಾಗ ಕುಗ್ಗಿ ಗಟ್ಟಿಯಾಗಿ, ಗೊರಸಿನ ಅಂಚು ಹೊರಗೆ ಬಂದು ಸಲಿಕೆಯಾಗುತ್ತದೆ. ಆದರೆ ಆ ಮೇವಿನಲ್ಲಿ ಮೈಗೆ ಬಲ ಕೊಡುವ ಸತ್ವ ಕಡಿಮೆ. "ಬರೀ ಅನ್ನ ಉಂಡು ಬದುಕಿದಂಗ ಅಕ್ಕಾ, ಬ್ಯಾಳಿನೂ ಇಲ್ಲ, ಪಲ್ಯಾನೂ ಇಲ್ಲ," ಅಂದಿದ್ದಳು ತಂಗಿ. ಬೇರೆ ಪ್ರಾಣಿಯಾದರೆ ಸೊರಗುತ್ತದೆ. ಇದರ ಮೈ ಮಾತ್ರ ಮೂತ್ರದಲ್ಲಿ ಹೊರಗೆ ಹೋಗಬೇಕಾದದ್ದನ್ನೂ ಬಿಡದೆ ಮತ್ತೆ ಹೊಟ್ಟೆಗೆ ಕಳಿಸುತ್ತದೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದರಿಂದ ಮತ್ತೆ ಆಹಾರ ಮಾಡಿಕೊಡುತ್ತವೆ. ಹೀಗೆ ಚೂರೂ ಚೆಲ್ಲದೆ ಚಳಿಗಾಲ ದಾಟುತ್ತದೆ. ಇದನ್ನು ಕೇಳಿದ ನಮ್ಮೆಜಮಾನರು, "ನಿಮ್ಮವ್ವನ ಸಂಸಾರ ಇದ್ದಂಗ ಐತಿ," ಅಂದರು. ನಾವಿಬ್ಬರೂ ನಕ್ಕೆವು. ಸುಳ್ಳೇನಲ್ಲ ಅದು.

ಫೆಬ್ರವರಿಯಲ್ಲಿ, ಅಂದರೆ ಇಲ್ಲಿಯ ಬೇಸಿಗೆಯಲ್ಲಿ, ತಂಗಿ ಕ್ಯಾಂಟರ್ಬರಿಯ ಗುಡ್ಡಗಳಿಗೆ ಬಂದಳು. ಅನುಮತಿ ಪತ್ರ ತೆಗೆದುಕೊಂಡು ಎಂಟು ಜಾಗಗಳಲ್ಲಿ ಕಲ್ಲುಹೂವು ಆರಿಸಿದಳು. ಬುಡದಿಂದ ತುದಿಯವರೆಗೆ ಎಂಟು ಎತ್ತರ, ಲೇಬಲ್ ಹಚ್ಚಿದ ಎಂಟು ಕಾಗದದ ಚೀಲ. ಯಾವ ಎತ್ತರದ್ದು ಹೊಟ್ಟೆಯಲ್ಲಿ ಎಷ್ಟು ಬೇಗ ಕರಗುತ್ತದೆ ಅಂತ ನೋಡುವುದು ಅವಳ ಕೆಲಸ. ಚೆನ್ನಾಗಿ ಬಂದರೆ ಮುಂದಿನ ವರ್ಷ ಅವಳನ್ನು ಉತ್ತರಕ್ಕೆ, ನಿಜವಾದ ಕ್ಯಾರಿಬೂ ಹಿಂಡಿನ ಹತ್ತಿರ ಕಳಿಸುವುದು ಅಂತ ಅವಳ ಗೈಡ್ ಮೇಡಂ ಮಾತು ಕೊಟ್ಟಿದ್ದರು. ಅವಳಿಗೆ ಇನ್ನೂ ಎರಡು ವಾರ ದಕ್ಷಿಣದ ಕಡೆ ತಿರುಗಾಟವಿತ್ತು. ಚೀಲಗಳನ್ನು ನಮ್ಮ ಮನೆಯಲ್ಲಿಟ್ಟಳು. ಇಲ್ಲಿಯ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿಗೆ ಒಂದು ಕಪಾಟು ಇರುತ್ತದೆ, ಒಳಗೆ ಯಾವಾಗಲೂ ಬೆಚ್ಚಗಿರುತ್ತದೆ. ಟವೆಲ್ಲು, ಹಾಸಿಗೆಬಟ್ಟೆ ಅಲ್ಲೇ ಇಡುತ್ತೇವೆ. ಅದರಲ್ಲಿ ಸಾಲಾಗಿ ಜೋಡಿಸಿದಳು.

"ಅಕ್ಕಾ, ಒಟ್ಟ ಬಿಚ್ಚಬ್ಯಾಡ. ದಿನಕ್ಕೊಮ್ಮೆ ಮಗ್ಗಲಾ ಹೊಳ್ಳಿಸು, ಅಷ್ಟ ಸಾಕು."

"ಹೂಂ ಹೂಂ. ಕಲ್ಲುಹೂವಿನ ಸುದ್ದಿ ನನಗ ಹೇಳಾಕ ಬಂದ್ಯಾ."

ನಾಲ್ಕನೇ ದಿನ ಕಪಾಟು ತೆಗೆದಾಗ ಹಸಿ ವಾಸನೆ ಬಂತು. ಎರಡು ಚೀಲಗಳ ತಳ ಒದ್ದೆಯಾಗಿ, ಮೆತ್ತಗೆ ಆಗಿತ್ತು. ಅಂಗಡಿಯಲ್ಲಿ ಕೆಲಸ ಮಾಡಿದವಳು ನಾನು. ಒಂದು ಹಸಿ ಮೆಣಸಿನಕಾಯಿ ಉಳಿದರೆ ಇಡೀ ಚೀಲಕ್ಕೆ ಬೂಸರು ಬರುತ್ತದೆ, ಬಂದ ಕೂಡಲೇ ಸುರಿದು ಬಿಸಿಲಿಗೆ ಹರವಬೇಕು. ಕೈ ಅದನ್ನೇ ಕಲಿತಿತ್ತು. ತಂಗಿಗೆ ಫೋನು ಮಾಡಿದೆ, ಅವಳಿದ್ದ ಕಡೆ ಸಿಗ್ನಲ್ ಇರಲಿಲ್ಲ. ಸಂಜೆಯವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ನನಗೆ ಗೊತ್ತಿರುವ ವಿಷಯಕ್ಕೆ ಅವಳನ್ನೇನು ಕೇಳುವುದು ಅನ್ನಿಸಿತು.

ಹಿತ್ತಲಿನ ಹುಲ್ಲಿನ ಮೇಲೆ ಎರಡು ಬಿಳಿ ಹಾಸಿಗೆಬಟ್ಟೆ ಹಾಸಿದೆ. ಎಂಟೂ ಚೀಲ ಸುರಿದು ಎಂಟು ಗುಂಪು ಮಾಡಿದೆ. ಒಂದೊಂದು ಗುಂಪಿನ ಪಕ್ಕಕ್ಕೆ ಅದರದರ ಚೀಲವಿಟ್ಟು ಮೇಲೆ ಒಂದೊಂದು ಕಲ್ಲು ಹೇರಿದೆ. ಚೆನ್ನಾಗಿ ಕಾಣುತ್ತಿತ್ತು. ತಂಗಿಗೆ ಕಳಿಸಲು ಫೋಟೊ ತೆಗೆಯಬೇಕು ಅಂದುಕೊಂಡೆ. ಅದಕ್ಕೆ ಮೊದಲು ಒಂದು ಲೋಟ ಚಹಾ ಕುಡಿಯೋಣ ಅಂತ ಒಳಗೆ ಹೋದೆ.

ಕ್ರೈಸ್ಟ್‌ಚರ್ಚಿನಲ್ಲಿದ್ದವರಿಗೆ ವಾಯವ್ಯದ ಗಾಳಿ ಗೊತ್ತು. ಬೆಟ್ಟಗಳ ಕಡೆಯಿಂದ ಬಿಸಿಯಾಗಿ ಇಳಿದು ಬರುತ್ತದೆ. ಬರುವ ಮೊದಲು ಆಕಾಶದಲ್ಲಿ ಮೋಡ ಕಮಾನು ಕಟ್ಟುತ್ತದೆ. ಅವತ್ತೂ ಕಟ್ಟಿತ್ತು, ನಾನು ನೋಡಿದ್ದೆ. ಚಹಾ ಕುದಿಯುವಷ್ಟರಲ್ಲಿ ಪಕ್ಕದ ಮನೆಯ ಕಸದ ಡಬ್ಬಿ ಉರುಳಿದ ಸದ್ದಾಯಿತು. ಹೊರಗೆ ಓಡಿಬಂದೆ. ಹಾಸಿಗೆಬಟ್ಟೆ ಎರಡೂ ಮುದುಡಿ ಬಿದ್ದಿದ್ದವು. ಕಲ್ಲುಹೂವಿಗೆ ತೂಕವೇ ಇಲ್ಲ, ಕೂದಲಿನಷ್ಟು ಹಗುರ. ಎಲ್ಲವೂ ಉರುಳಿ ಉರುಳಿ ಮರದ ಬೇಲಿಗೆ ಒತ್ತಿಕೊಂಡು ಒಂದೇ ರಾಶಿಯಾಗಿತ್ತು. ಚೀಲಗಳು ಮಾತ್ರ ಕಲ್ಲಿನಡಿ ಇಟ್ಟಲ್ಲೇ ಇದ್ದವು, ಎಂಟೂ ಖಾಲಿ.

ಗಾಳಿಯ ತಪ್ಪು ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ನನ್ನದು. ಮೊಣಕಾಲೂರಿ ಕೂತು ಒಂದು ಚೂರೂ ಬಿಡದೆ ಆರಿಸಿದೆ. ಬೆಳ್ಳಗಿದ್ದದ್ದು ಈ ಚೀಲದ್ದಿರಬೇಕು, ಸ್ವಲ್ಪ ಬೂದಿ ಬಣ್ಣದ್ದು ಆ ಚೀಲದ್ದಿರಬೇಕು ಅಂತ ಅಂದಾಜಿನ ಮೇಲೆ ತುಂಬಿದೆ. ಕೆಲವಕ್ಕೆ ಗುರುತಿತ್ತು, ಬಹಳಷ್ಟಕ್ಕೆ ಇರಲಿಲ್ಲ. ಕೊನೆಗೆ ಎಲ್ಲ ಚೀಲಗಳೂ ಸಮ ಕಾಣುವ ಹಾಗೆ ಹಂಚಿದೆ. ಬಾಯಿ ಮಡಚಿ, ಮೊದಲಿದ್ದ ತೂತುಗಳಿಗೇ ಸರಿಯಾಗಿ ಹೊಸ ಪಿನ್ನು ಹೊಡೆದೆ. ಯಾವತ್ತೂ ಅಷ್ಟು ನಾಜೂಕಾಗಿ ಕೆಲಸ ಮಾಡಿದವಳಲ್ಲ ನಾನು.

ಎರಡು ವಾರದ ಮೇಲೆ ತಂಗಿ ಬಂದು ಚೀಲ ಅಲುಗಾಡಿಸಿ ನೋಡಿದಳು. "ಎಷ್ಟ್ ಚೊಲೋ ಒಣಗ್ಯಾವ ಅಕ್ಕಾ. ನಮ್ಮ ಲ್ಯಾಬಿನ್ಯಾಗೂ ಹಿಂಗ ಒಣಗೂದಿಲ್ಲ." ನಾನು ಹೂಂ ಅಂದೆ.

ಐದು ತಿಂಗಳು ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ಅಕ್ಕಾ, ಲೆಕ್ಕಾನ ಕೂಡವಲ್ದು. ಗುಡ್ಡದ ಮ್ಯಾಲಿಂದು, ಕೆಳಗಿಂದು ಎಲ್ಲಾ ಒಂದ ಥರ ಬರಾಕತ್ತೈತಿ. ಒಂದ ಚೀಲದಾಗ ಎರಡು ಸಲ ತಗದ್ರ ಎರಡು ಥರ. ಮೇಡಂ ನನ್ನ ಮುಖ ನೋಡ್ತಾರ. ಲೇಬಲ್ ಸರಿ ಹಾಕಿದ್ದೀಯಲ್ಲ ಅಂತ ಮೂರು ಸಲ ಕೇಳಿದ್ರು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಗುಡ್ಡದಾಗ ಆರಿಸೋ ಕಡೀ ದಿನಾ ನನಗ ಜ್ವರ ಇತ್ತಲ್ಲ? ಆವಾಗ ನಾನ ಎಲ್ಲೋ ಹೆಚ್ಚುಕಮ್ಮಿ ಮಾಡಿರಬೇಕು."

ಅವಳು ಬಾಗಿಲು ತೆರೆದು ಹಿಡಿದು ನಿಂತ ಹಾಗಿತ್ತು. ನಾನು ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಂದದ್ದು ಇದು: "ಇರಬೇಕು ಬಿಡು. ಜ್ವರದಾಗ ಏನ್ ಲಕ್ಷ್ಯ ಇರ್ತೈತಿ."

ಚೀಲ ಬಿಚ್ಚಿದ್ದಕ್ಕಿಂತ, ಕಲಸಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ಅವಳಿಗೆ ಇದ್ದದ್ದು ಬರೀ ಅನುಮಾನ. ನಾನು ಅದಕ್ಕೆ ಸಹಿ ಹಾಕಿಕೊಟ್ಟೆ. ಯಾಕೆ ಅಂತ ಕೇಳಿದರೆ ಉತ್ತರ ಸಣ್ಣದು. ಕಲ್ಲುಹೂವು ಗುರುತು ಹಿಡಿದ ಅಕ್ಕನಾಗಿಯೇ ಅವಳ ಕಣ್ಣಲ್ಲಿ ಉಳಿಯಬೇಕಾಗಿತ್ತು. ಹೇಳಿದ ಮಾತು ಕೇಳದೆ ಎಲ್ಲ ಹಾಳುಮಾಡಿದ, ಓದದ ಅಕ್ಕ ಆಗುವುದು ಬೇಡವಾಗಿತ್ತು.

ಮುಂದಿನ ವರ್ಷ ಉತ್ತರಕ್ಕೆ ಹೋಗಲು ಬೇರೆ ವಿದ್ಯಾರ್ಥಿಯನ್ನು ಆರಿಸಿದರು. ತಂಗಿ ಬದಲಾದಳು. ನಮ್ಮ ಮನೆಗೆ ಬಂದಾಗ ಒಲೆ ಆರಿಸಿದೆನಾ ಅಂತ ಎರಡು ಸಲ ಹೋಗಿ ನೋಡುತ್ತಿದ್ದಳು. ಪಾಸ್‌ಪೋರ್ಟು ಬ್ಯಾಗಿನಲ್ಲಿದೆಯಾ ಅಂತ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಒಂದು ದಿನ ಅವಲಕ್ಕಿ ತಿನ್ನುತ್ತ, "ಊರಿಗೆ ಹೋಗಿ ಯಾವುದಾರ ದನದ ದವಾಖಾನಿ ಸೇರ್ತೀನಿ ಅಕ್ಕಾ. ಇದು ನನ್ನ ಕೈಲೆ ಆಗೂದಲ್ಲ," ಅಂದಳು. ಬೇರೆಯವರ ಬಗ್ಗೆ ಮಾತಾಡಿದ ಹಾಗೆ ತಣ್ಣಗೆ ಹೇಳಿದಳು. ಆಗಲೂ ಬಾಯಿ ಬರಲಿಲ್ಲ, ಆದರೆ ಕೈ ಬಂತು.

"ಮತ್ತೊಮ್ಮಿ ಆರಿಸೋಣು. ಈ ಸಲ ನಾನೂ ಬರ್ತೀನಿ."

"ನೀ ಗುಡ್ಡಾ ಹತ್ತತೀ?"

"ನಿನ್ನ ಮಾಮಾ ಯೂಟ್ ಗಾಡಿ ಹೊಡೀತಾರ. ಅದು ಹೋಗೋತನಕ ಕುಂತು ಬರ್ತೀನಿ, ಆಮ್ಯಾಲ ನಡೀತೀನಿ."

ಮತ್ತೆ ಬೇಸಿಗೆ ಬರುವಷ್ಟರಲ್ಲಿ ನಾನು ಹಳೆಯ ಸೀರೆಗಳಿಂದ ಎಂಟು ಚೀಲ ಹೊಲಿದೆ. ಒಂದು ಹಸಿರು, ಒಂದು ಹಳದಿ, ಒಂದು ಇಳಕಲ್ ಸೀರೆಯ ಕೆಂಪು, ಹೀಗೆ ಎಂಟಕ್ಕೂ ಎಂಟು ಬಣ್ಣ. ಬಾಯಿಗೆ ಲಾಡಿ ಬದಲು ಗಟ್ಟಿ ಹೊಲಿಗೆ. ಬಟ್ಟೆ ತೆಳ್ಳಗಿದ್ದದ್ದರಿಂದ ಒಳಗಿನ ಹಸಿ ತಾನೇ ಆರುತ್ತದೆ, ಯಾರೂ ಬಿಚ್ಚಬೇಕಾಗಿಲ್ಲ. ಓದಲು ಬರದವರಿಗೂ ಹಸಿರು ಯಾವುದು ಕೆಂಪು ಯಾವುದು ಗೊತ್ತಾಗುತ್ತದೆ.

"ಲ್ಯಾಬಿನ್ಯಾಗ ನಗ್ತಾರ ಅಕ್ಕಾ, ಕುಬಸದ ಅರಿವಿ ತಂದಾಳ ಅಂತ."

"ನಗಲಿ."

ಐದು ದಿನ ಗುಡ್ಡ ಹತ್ತಿದೆವು. ಉದ್ದನೆಯ ಒಣಹುಲ್ಲಿನ ಜೊಂಪೆಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ನಾನು ಹತ್ತು ಹೆಜ್ಜೆಗೊಮ್ಮೆ ನಿಂತೆ. ಗೋದಾಮಿನ ಸಿಮೆಂಟು ನೆಲದ ಮೇಲೆ ನಡೆದ ಕಾಲು ಅದು. ಒಂದು ಕಡೆ ಗಿಳಿಯ ಹಾಗಿರುವ ಕೀಯಾ ಹಕ್ಕಿ ಬಂದು ಯೂಟಿನ ಕಿಟಕಿಯ ರಬ್ಬರು ಕೀಳಲು ಕೂತಿತು. ನಮ್ಮೆಜಮಾನರು ಅದನ್ನು ಓಡಿಸುತ್ತ, "ಇದಕ್ಕೂ ಒಂದು ಪಿಎಚ್‌ಡಿ ಕೊಡಿಸು," ಅಂದರು. ತಂಗಿ ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು.

ಆರಿಸುತ್ತ ಆರಿಸುತ್ತ ಅವಳು ಕ್ಯಾರಿಬೂ ವಿಷಯ ಹೇಳುತ್ತಿದ್ದಳು. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬು ಬರುವುದು ಇದೊಂದಕ್ಕೇ. ಗಂಡು ಚಳಿಗಾಲದ ಹೊತ್ತಿಗೆ ಕೊಂಬು ಉದುರಿಸಿಕೊಂಡು ಬೋಳಾಗುತ್ತದೆ. ಬಸಿರಿ ಹೆಣ್ಣು ಮಾತ್ರ ಕರು ಹಾಕುವ ಕಾಲದವರೆಗೆ ಕೊಂಬು ಇಟ್ಟುಕೊಳ್ಳುತ್ತದೆ. ಕಷ್ಟಪಟ್ಟು ಹಿಮ ಅಗೆದು ಮೇವು ಕಂಡಾಗ ದೊಡ್ಡ ಗಂಡು ಬಂದರೂ ಹೆದರುವುದಿಲ್ಲ, ಕೊಂಬು ತಗ್ಗಿಸಿ ಓಡಿಸುತ್ತದೆ. "ತನ್ನ ಸಲುವಾಗಿ ಅಲ್ಲ, ಹೊಟ್ಟ್ಯಾಗಿನ ಕರುವಿನ ಸಲುವಾಗಿ," ಅಂದಳು ತಂಗಿ. ನಾನು ತಲೆ ಎತ್ತಲಿಲ್ಲ. ಇವಳನ್ನು ಎತ್ತಿ ಆಡಿಸಿದವಳು ನಾನು. ಆಗಲೇ ಹೇಳಿಬಿಡಬೇಕು ಅಂತ, "ಇಲ್ಲಿ ಕೇಳು," ಅಂದೆ.

"ಏನಕ್ಕಾ?"

"ಹಳದಿ ಚೀಲ ತುಂಬೇತಿ," ಅಂದೆ.

ಆದರೆ ಆ ಎಂಟು ಚೀಲಗಳು ಗೆದ್ದವು. ಚಳಿಗಾಲದ ನಡುವೆ ಒಂದು ದಿನ ಊಟದ ಬಿಡುವಿನಲ್ಲಿ ಫೋನು ಬಂತು. ತಂಗಿ ಅಂಕಿ ಓದುತ್ತ ಹೋದಳು. ನನಗೊಂದೂ ತಿಳಿಯಲಿಲ್ಲ, ಅವಳ ದನಿ ತಿಳಿಯಿತು. "ಗುಡ್ಡಾ ಏರಿದಂಗ ಅಂಕಿನೂ ಏರ್ಯಾವ ಅಕ್ಕಾ, ಮೆಟ್ಟಲಾ ಮೆಟ್ಟಲಾ. ಮೂರು ಸಲ ಮಾಡಿದೆ, ಮೂರು ಸಲಾನೂ ಹಂಗ. ಮೇಡಂ ಕುರ್ಚಿ ಬಿಟ್ಟು ಎದ್ದು ಬಂದು ಕೈ ಕುಲುಕಿದ್ರು." ಇನ್ನು ಮೇಲೆ ಎಲ್ಲ ವಿದ್ಯಾರ್ಥಿಗಳೂ ಬಣ್ಣದ ಬಟ್ಟೆಯ ಚೀಲವನ್ನೇ ಒಯ್ಯಬೇಕು ಅಂತ ಮೇಡಂ ಹೇಳಿದರಂತೆ. ಅವತ್ತು ನಾನು ಗೋದಾಮಿನಲ್ಲಿ ಎಲ್ಲರಿಗೂ ಲಾಡು ಹಂಚಿದೆ. ಏನು ವಿಶೇಷ ಅಂತ ಕೇಳಿದವರಿಗೆ, ನನ್ನ ತಂಗಿ ಕ್ಯಾರಿಬೂ ನೋಡಲು ಹೋಗುತ್ತಾಳೆ ಅಂದೆ.

ಹೋದಳು. ಇಲ್ಲಿ ಎಲೆ ಉದುರುವ ಏಪ್ರಿಲ್‌ನಲ್ಲಿ ಹೊರಟು, ಅಲ್ಲಿಯ ಹಿಮಕ್ಕೆ ಇಳಿದಳು. ವಾರಕ್ಕೊಮ್ಮೆ ಅವರ ಕ್ಯಾಂಪಿನಲ್ಲಿ ಇಂಟರ್ನೆಟ್ ಸಿಗುತ್ತಿತ್ತು. ಕಣ್ಣುಗಳಷ್ಟೇ ಕಾಣುವ ಹಾಗೆ ಮುಖ ಸುತ್ತಿಕೊಂಡು ಮಾತಾಡುತ್ತಿದ್ದಳು. ರೆಪ್ಪೆಯ ಮೇಲೂ ಹಿಮ ಕೂತಿರುತ್ತಿತ್ತು.

"ನಮಗ ಉಸಿರಾಡಿದ್ರ ಮೂಗು ಸುಡ್ತೈತಿ ಅಕ್ಕಾ. ಅವು ಆರಾಮ ಅದಾವು. ಹೊರಗಿನ ಗಾಳಿ ಮೂಗಿನ್ಯಾಗ ಬೆಚ್ಚಗಾಗಿ ಒಳಗ ಹೋಗ್ತೈತಿ, ಹೊರಗ ಬರೋ ಉಸಿರಿನ ಬಿಸಿನೂ ಮೂಗಿನ್ಯಾಗ ಉಳಿಸ್ಕೊಂತಾವು."

"ಮತ್ತ ಕಾಲಿಗೆ ಚಳಿ ಹತ್ತೂದಿಲ್ಲೇನು?"

"ಕಾಲು ಥಣ್ಣಗ ಇರ್ತೈತಿ, ಇರಲಿ ಅಂತ ಬಿಡ್ತಾವು. ಕೆಳಗ ಇಳಿಯೋ ಬಿಸಿ ರಕ್ತ, ಮ್ಯಾಲೆ ಏರೋ ಥಣ್ಣನ ರಕ್ತಕ್ಕ ಬಿಸಿ ಕೊಟ್ಟು ಹೋಗ್ತೈತಿ. ಮೈಯಾಗಿನ ಬಿಸಿ ಹೊರಗ ಹೋಗಗೊಡೂದಿಲ್ಲ."

ಒಂದು ವಾರ ಸಪ್ಪಗಿದ್ದಳು. ಹಿಮದ ಮೇಲೆ ಮಳೆ ಬಿದ್ದಿತ್ತಂತೆ. ಮಳೆ ಬಿದ್ದು ಹೆಪ್ಪುಗಟ್ಟಿದರೆ ಮೇವಿನ ಮೇಲೆ ಗಾಜು ಮುಚ್ಚಿದ ಹಾಗೆ, ಗೊರಸಿಗೂ ಒಡೆಯುವುದಿಲ್ಲ. ಈಗೀಗ ಅಲ್ಲಿ ಹೀಗಾಗುವುದುಂಟು ಅಂದಳು. ಹಿಂಡಿನಲ್ಲಿ ಪಕ್ಕೆಲುಬು ಕಾಣುತ್ತಿದ್ದ ತಾಯಂದಿರಿದ್ದವು. ಮುಂದಿನ ವಾರ ಫೋನು ಬರುವವರೆಗೆ ನನಗೆ ಊಟ ಸೇರಲಿಲ್ಲ.

"ನಡದು ಬಂದ್ವು ಅಕ್ಕಾ," ಅಂದಳು ಮುಂದಿನ ವಾರ. ಅಗೆಯಲು ಬರದ ನೆಲ ಬಿಟ್ಟು, ಗಾಳಿ ಹಿಮ ಗುಡಿಸಿಹಾಕಿದ್ದ ಎತ್ತರಕ್ಕೆ ಹತ್ತಿ, ಅಲ್ಲಿ ಮೇವು ಹುಡುಕಿಕೊಂಡಿದ್ದವು. ಅಲ್ಲಿಂದ ಕರು ಹಾಕುವ ಬಯಲಿಗೆ ಹೊರಟಿದ್ದವು. ತಂಗಿ ಅವು ಹಾದುಹೋಗುವ ಸದ್ದು ಹಿಡಿದು ಕಳಿಸಿದಳು. ಹೆಜ್ಜೆ ಇಟ್ಟಾಗ ಕ್ಯಾರಿಬೂ ಕಾಲಿನಲ್ಲಿ ನರವೊಂದು ಎಲುಬಿನ ಮೇಲೆ ಜಾರಿ ಟಿಕ್ ಅನ್ನುತ್ತದೆ. ನೂರಾರು ಜನ ಒಟ್ಟಿಗೆ ಬೆರಳ ನೆಟಿಗೆ ಮುರಿದ ಹಾಗಿತ್ತು. ನಾನು ಅದನ್ನು ಗೋದಾಮಿನಲ್ಲಿ ಫೋನಿನಲ್ಲಿ ಹಚ್ಚಿ ಕೇಳಿಸಿದೆ. ನನ್ನ ಜೊತೆ ಕೆಲಸ ಮಾಡುವ ಸಮೋವಾದ ಹೆಂಗಸು ಕಣ್ಣು ಮುಚ್ಚಿ ಕೇಳಿ, ಇದು ನಡೆಯುವ ಸದ್ದಾ ಅಂತ ಕೇಳಿದಳು. ನಾನು ಹೌದು ಅಂದೆ. ಅವಳು ಇನ್ನೊಮ್ಮೆ ಹಚ್ಚು ಅಂದಳು.

ಜೂನ್ ಮೊದಲ ವಾರ ಕರುಗಳು ಬಂದವು. ಎಲ್ಲ ತಾಯಂದಿರೂ ಕೆಲವೇ ದಿನಗಳ ಅಂತರದಲ್ಲಿ ಈಯುತ್ತವೆ. ತೋಳವಿರಲಿ ಕರಡಿಯಿರಲಿ, ಎಷ್ಟಂತ ಹಿಡಿದಾವು. ತಂಗಿ ಕಳಿಸಿದ ವಿಡಿಯೊದಲ್ಲಿ ಒಂದು ಕರು ನೆಲಕ್ಕೆ ಬಿದ್ದು, ತಾಯಿ ನೆಕ್ಕುತ್ತಿದ್ದ ಹಾಗೇ ಕಾಲು ಊರಿತು. ಬಿತ್ತು. ಮತ್ತೆ ಊರಿತು. ಸ್ವಲ್ಪ ಹೊತ್ತಿಗೆ ನಿಂತಿತು. ಮರುದಿನದ ವಿಡಿಯೊದಲ್ಲಿ ಹಿಂಡಿನ ಜೊತೆ ನಡೆಯುತ್ತಿತ್ತು. ಆ ಸೊರಗಿದ ತಾಯಂದಿರ ಕರುಗಳು ಅವು. ಬರೀ ಕಲ್ಲುಹೂವು ತಿಂದು, ಮಂಜುಗಡ್ಡೆ ದಾಟಿ, ಆ ತಾಯಂದಿರು ಅವನ್ನು ಹೊಟ್ಟೆಯಲ್ಲಿ ಹೊತ್ತು ತಂದಿದ್ದವು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ನಮ್ಮೆಜಮಾನರು, "ಯಾಕ, ಉಳ್ಳಾಗಡ್ಡಿ ಹೆಚ್ಚಿದೇನು?" ಅಂದವರು, ವಿಡಿಯೊ ನೋಡಿ ತಾವೂ ಕನ್ನಡಕ ತೆಗೆದು ಒರೆಸಿಕೊಂಡರು.

ತಂಗಿ ವಾಪಸು ಬಂದು ಬರೆದು ಮುಗಿಸಿದಳು. ಪರೀಕ್ಷಕರು ಪ್ರಶ್ನೆ ಕೇಳಿ ಕೇಳಿ ಕೊನೆಗೆ ಶಹಬ್ಬಾಸ್ ಅಂದರು. ಡಾಕ್ಟರಾದಳು, ಎರಡನೇ ಸಲ. ಪಾಮರ್ಸ್ಟನ್ ನಾರ್ತ್‌ನ ಕನ್ನಡದವರು ಒಂದು ಹಾಲ್ ತೆಗೆದುಕೊಂಡು, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುವುದು, ಇವಳು ಮಕ್ಕಳಿಗೆ ಕ್ಯಾರಿಬೂ ಬಗ್ಗೆ ಹೇಳುವುದು ಅಂತ ಏರ್ಪಾಡು ಮಾಡಿದರು. ನಾವಿಬ್ಬರೂ ವಿಮಾನದಲ್ಲಿ ಹೋದೆವು. ನಾನು ಇಳಕಲ್ ಸೀರೆ ಉಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ತಂಗಿ ಕನ್ನಡದಲ್ಲೇ ಮಾತಾಡಿದಳು. ದೊಡ್ಡ ಪರದೆಯ ಮೇಲೆ ಹಿಂಡು ನದಿ ದಾಟುತ್ತಿತ್ತು. ಅವುಗಳ ಕೂದಲ ಒಳಗೆ ಗಾಳಿ ಇರುವುದರಿಂದ ತೇಲುತ್ತವೆ ಅಂತ ಹೇಳಿದಾಗ ಮಕ್ಕಳು ಮುಂದಕ್ಕೆ ಜರುಗಿ ಕೂತರು. ಮೈಸೂರಿನ ಕಡೆಯ ಒಬ್ಬ ಅಂಕಲ್ ಕೈ ಎತ್ತಿದರು.

"ಇದು ಕ್ರಿಸ್ಮಸ್ ತಾತನ ಗಾಡಿ ಎಳೆಯುತ್ತಲ್ಲ, ಅದೇ ತಾನೇಮ್ಮಾ?"

"ಅದರ ಸಾಕಿದ ಬಳಗ ಅಂಕಲ್. ಇವು ಯಾರ ಗಾಡಿನೂ ಎಳೆಯೂದಿಲ್ರಿ."

ಹಾಲ್ ತುಂಬ ನಗು. ಒಂದು ಪುಟ್ಟ ಹುಡುಗಿ, "ಆಂಟಿ, ಕ್ಯಾನ್ ದೇ ಸೀ ಇನ್ ದ ಡಾರ್ಕ್?" ಅಂದಳು. ಬೇಸಿಗೆಯಲ್ಲಿ ಅವುಗಳ ಕಣ್ಣಿನ ಹಿಂಭಾಗ ಬಂಗಾರದ ಬಣ್ಣವಿದ್ದು, ಕತ್ತಲೆಯ ಚಳಿಗಾಲದಲ್ಲಿ ನೀಲಿಯಾಗುತ್ತದೆ, ಆಗ ಸ್ವಲ್ಪ ಬೆಳಕಿದ್ದರೂ ಕಾಣುತ್ತದೆ ಅಂತ ತಂಗಿ ಹೇಳಿದಳು. ಆ ಹುಡುಗಿ ಪಕ್ಕದವಳ ಕಣ್ಣು ಬಗ್ಗಿ ನೋಡಿದಳು.

ನನ್ನ ತಂಗಿ ಆ ಹೊತ್ತು ಹೇಗೆ ಕಾಣುತ್ತಿದ್ದಳು ಅಂತ ಬರೆಯಲು ನನಗೆ ಬರುವುದಿಲ್ಲ. ಎದೆ ತುಂಬಿತ್ತು. ಆಗ ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಒಬ್ಬ ಆಂಟಿ ಕೇಳಿದರು.

"ಇಷ್ಟೆಲ್ಲದರಲ್ಲಿ ನಿಮಗೆ ತುಂಬಾ ಕಷ್ಟ ಅನ್ಸಿದ್ದು ಯಾವ್ದಮ್ಮಾ, ಆ ಚಳೀನಾ?"

"ಚಳಿ ಅಲ್ರಿ ಆಂಟಿ," ಅಂದಳು ತಂಗಿ. ನಗುತ್ತಲೇ ಹೇಳಿದಳು. "ನನ್ನ ಬೇಜವಾಬ್ದಾರಿ. ಮೊದಲನೇ ವರ್ಷ ನಾನ ಲೇಬಲ್ ತಪ್ಪು ಹಾಕಿ ಇಡೀ ವರ್ಷದ ಕೆಲಸ ಹಾಳು ಮಾಡ್ಕೊಂಡೆ. ಮೇಡಂ ಮುಂದ ತಲಿ ಎತ್ತಾಕ ಆಗ್ತಿರಲಿಲ್ಲ. ಈಗೂ ಒಂದೊಂದ್ ಸಲ ನನ್ನ ಕೈ ಮ್ಯಾಲ ನನಗ ನಂಬಿಕಿ ಬರೂದಿಲ್ಲ. ನೀವೆಲ್ಲ ಹುಷಾರಾಗಿರ್ರಿ ಮಕ್ಕಳೇ, ನನ್ನಂಗ ಮಾಡಬ್ಯಾಡ್ರಿ."

ಮಕ್ಕಳು ತಲೆಯಾಡಿಸಿದರು. ದೊಡ್ಡವರೂ ಆಡಿಸಿದರು. ಗೆದ್ದು ನಿಂತ ದಿನವೂ ಅವಳು ನನ್ನ ಸುಳ್ಳನ್ನು ತನ್ನದು ಅಂತ ಹೊತ್ತುಕೊಂಡು, ಕೈಮುಗಿದು ಹೇಳಿಕೊಳ್ಳುತ್ತಿದ್ದಳು. ಇನ್ನು ಊರೂರಿಗೆ ಹೋಗಿ ಪಾಠ ಮಾಡುವವಳು. ಹೋದಲ್ಲೆಲ್ಲ ಇದನ್ನೇ ಹೇಳುತ್ತಾಳೆ. ನಾನು ಎದ್ದು ನಿಂತೆ.

"ನೀರು ಬೇಕೇನು?" ಅಂದರು ನಮ್ಮೆಜಮಾನರು ಮೆಲ್ಲಗೆ.

ನಾನು ಅವರ ಕೈ ಸರಿಸಿದೆ. ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ತಂಗಿ, ನನ್ನ ಅಕ್ಕಾರು, ಎಂಟು ಬಣ್ಣದ ಚೀಲ ಹೊಲಿದವರು ಇವರೇ, ಅಂತ ಪರಿಚಯ ಮಾಡಿಕೊಡಲು ಶುರುಮಾಡಿದಳು. ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದೆ.

"ನೀ ಲೇಬಲ್ ತಪ್ಪು ಹಾಕಿಲ್ಲ ತಂಗಿ. ಬಿಚ್ಚಬ್ಯಾಡ ಅಂದಿದ್ದಿ, ನಾ ಚೀಲ ಬಿಚ್ಚಿ ಬಿಸಿಲಿಗೆ ಹಾಕಿದೆ. ಗಾಳಿ ಬಂದು ಎಲ್ಲಾ ಕೂಡಿಹೋದ್ವು. ಅಂದಾಜಿನ ಮ್ಯಾಲ ತುಂಬಿ, ಪಿನ್ನು ಹೊಡದು, ಸುಮ್ಮನ ಕುಂತೆ. ನೀ ಫೋನಿನ್ಯಾಗ ಕೇಳಿದಾಗ ಇರಬೇಕು ಬಿಡು ಅಂದೆ. ನಿನ್ನ ಕೈ ಚೊಲೋ ಐತಿ, ಮೊದಲಿಂದ ಚೊಲೋ ಐತಿ. ತಪ್ಪು ಮಾಡಿದಾಕಿ ನಾನು. ಮೂರು ವರ್ಷ ಹೇಳಲಿಲ್ಲ. ನನ್ನದು ತಪ್ಪಾತು ತಂಗಿ, ನನ್ನ ಕ್ಷಮಿಸು."